ಹೊಡೆಯಲೊಲ್ಲದ ಹುಡುಗ

ನಮ್ಮ ಮುಳಬಾಗಿಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರುಗಳು ಹುಡುಗರನ್ನು ಹೊಡೆಯುತ್ತಿದ್ದದ್ದು ಅಪರೂಪ. ಅವರು ಹೊಡೆಸುತ್ತಿದ್ದರು. ಈ ಪದ್ಧತಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಶ್ನೆ ಮೊದಲ ಸಾಲಿನ ತುದಿಯಿಂದ ಹೊರಡುತ್ತದೆ. ಉತ್ತರ ಬಾರದವನು ಎದ್ದು ನಿಲ್ಲಬೇಕು, ಪ್ರಶ್ನೆ ಪಕ್ಕದವನಿಗೆ ದಾಟುತ್ತದೆ. ಹೀಗೆ ದಾಟಿ ದಾಟಿ ಎಲ್ಲೋ ಒಬ್ಬ ಸರಿಯುತ್ತರ ಹೇಳುತ್ತಾನೆ. ಆಗ ಅವನು ನಿಂತಿರುವವರ ಹತ್ತಿರ ಒಬ್ಬೊಬ್ಬರಂತೆ ಹೋಗಿ, ಎಡಗೈಯಲ್ಲಿ ಮೂಗು ಹಿಡಿದು ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ಮೂಗು ಏಕೆ ಹಿಡಿಯಬೇಕು ಅಂದರೆ, ಏಟು ಬೀಳುವಾಗ ಮುಖ ಅತ್ತ ತಿರುಗಬಾರದು.

ಇದನ್ನು ಇವತ್ತಿಗೂ ಹೊಗಳುವವರಿದ್ದಾರೆ. ಮೊನ್ನೆ ಕೋಲಾರದಲ್ಲಿ ವಕೀಲರೊಬ್ಬರು, "ನಾವೂ ತಿಂದ್ವಲ್ಲಪ್ಪ, ಏನು ಕೆಟ್ಟೋದ್ವಾ?" ಎಂದರು. ಕೆಟ್ಟುಹೋದವರು ಆ ಪ್ರಶ್ನೆಗೆ ಉತ್ತರ ಕೊಡಲು ನಿಮ್ಮ ಆಫೀಸಿಗೆ ಬರುವುದಿಲ್ಲ ಸ್ವಾಮಿ, ಎಂದೆ ನಾನು. ದಡ ಸೇರಿದವರನ್ನು ಮಾತ್ರ ಕೇಳಿಕೊಂಡು ಹೊಳೆಯಲ್ಲಿ ಸುಳಿಯೇ ಇಲ್ಲ ಎಂದು ತೀರ್ಮಾನಿಸುವುದು ಯಾವ ನ್ಯಾಯ? "ಮಾತಿಗೇನು ಕಮ್ಮಿಯಿಲ್ಲ ನಿಂಗೆ" ಎಂದು ನಕ್ಕು ಅವರು ಎಲೆಅಡಿಕೆ ಡಬ್ಬಿ ತೆಗೆದರು. ಮಾತಿಗೆ ಕಮ್ಮಿಯಿಲ್ಲ, ನಿಜ. ಮಾತಿಗೆ ಕಮ್ಮಿಯಿದ್ದ ಒಬ್ಬನ ವಿಷಯ ನನಗೆ ಗೊತ್ತು. ಅದನ್ನು ಬರೆಯುತ್ತೇನೆ.

ಅವನು ನನ್ನ ಸೋದರಮಾವನ ಮಗ. ಬೈರಕೂರಿನ ಹತ್ತಿರದ ಹಳ್ಳಿ. ಮಾವ ಬದನೆ, ಹುರುಳಿಕಾಯಿ, ಸೌತೆ ಬೆಳೆದು ಸಂತೆಗೆ ತರುತ್ತಿದ್ದರು. ಅವರ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಆ ಹಳ್ಳಿಯ ಶಾಲೆಗೆ ಇದ್ದವರು ಒಬ್ಬರೇ ಮೇಷ್ಟ್ರು. ಅವರು ಪೇಟೆಯಿಂದ ಬಂದ ದಿನ ಬಂದರು, ಬಾರದ ದಿನ ಮಕ್ಕಳು ಜಗಲಿಯ ಮೇಲೆ ಕಾದು ಮನೆಗೆ ಹೋದರು. ನಮ್ಮ ಹುಡುಗನಿಗೆ ಆ ಮೇಷ್ಟ್ರ ಕೆಲಸ ತನಗೆ ಬೇಕೆಂಬ ಆಸೆ. ಆಗ ಮಿಡ್ಲ್ ಸ್ಕೂಲಿನ ಕೊನೆಯ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸಾದರೆ ಹಳ್ಳಿಯ ಶಾಲೆಯಲ್ಲಿ ಕೆಲಸ ಸಿಗುವುದಿತ್ತು. ನನಗಿಂತ ಸ್ವಲ್ಪ ಚಿಕ್ಕವನು, ನನ್ನನ್ನು ಬಾವ ಎನ್ನುತ್ತಿದ್ದ. "ನಾ-ನಾನಾದ್ರೆ ದಿನಾ ಬರ್ತೀನಿ ಬಾವಾ" ಎನ್ನುತ್ತಿದ್ದ, "ಅಲ್ಲೇ ಇರ್ತೀನಲ್ಲ." ಮಾವ ಅವನನ್ನು ಪರೀಕ್ಷೆ ಆಗುವ ತನಕ ಹೊಲದ ಕೆಲಸದಿಂದ ಬಿಟ್ಟಿದ್ದರು. ನಮ್ಮ ಅಪ್ಪ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದರಿಂದ ನಾವು ಮುಳಬಾಗಿಲಿನಲ್ಲಿದ್ದೆವು. ಹುಡುಗ ನಮ್ಮ ಮನೆಯಲ್ಲಿ ಇದ್ದುಕೊಂಡು ನನ್ನ ಕ್ಲಾಸಿಗೆ ಸೇರಿದ.

ಅವನಿಗೆ ಮಾತು ಉಗ್ಗುತ್ತಿತ್ತು. ಮೊದಲ ಅಕ್ಷರದಲ್ಲೇ ತಡೆದು ನಿಂತು, ಕತ್ತಿನ ನರ ಬಿಗಿದು, ಕಣ್ಣು ಮುಚ್ಚಿ ತೆರೆದ ಮೇಲೆ ಮಿಕ್ಕದ್ದು ಬರುತ್ತಿತ್ತು. ಅಮ್ಮ ದಿನಾ ಬೆಳಿಗ್ಗೆ ಬಜೆ ತೇಯ್ದು, ಹಸುಗೂಸಿಗೆ ಹಚ್ಚುವ ಹಾಗೆ, ಅಷ್ಟು ದೊಡ್ಡ ಹುಡುಗನ ನಾಲಗೆಗೆ ಹಚ್ಚುತ್ತಿದ್ದಳು.

"ಅಮ್ಮಾ, ಬಜೆಯಿಂದ ಮಾತು ಬರೋ ಹಾಗಿದ್ರೆ ಅದನ್ನ ಮಾರೋ ಗಂದಿಗೆ ಅಂಗಡಿಯವನು ದಿನಾ ಭಾಷಣ ಮಾಡ್ತಿದ್ದ" ಎಂದೆ ಒಮ್ಮೆ.

"ನಿನ್ನ ನಾಲ್ಗೆಗೆ ಚಿಕ್ಕೋನಿದ್ದಾಗ ಜಾಸ್ತಿ ಹಚ್ಬಿಟ್ಟೆ ಕಣೋ. ಅದೇ ನಾನು ಮಾಡಿದ ತಪ್ಪು" ಎಂದಳು ಅಮ್ಮ. ಹುಡುಗ ನಾಲಗೆ ಹೊರಚಾಚಿಕೊಂಡೇ ನಕ್ಕ.

ದೇವರಿಗೆ ಹರಕೆ ಹೊತ್ತದ್ದೂ ಆಯಿತು. ಅದನ್ನೂ ನಾನು ನಂಬಲಿಲ್ಲ. ನಾನು ನಂಬಿದ್ದು ಕಣ್ಣಿಗೆ ಕಂಡದ್ದನ್ನು. ಅವನು ನನ್ನ ಪುಟ್ಟ ತಂಗಿಗೆ ಕತೆ ಹೇಳುವಾಗ ಒಂದು ಅಕ್ಷರವೂ ತಡೆಯುತ್ತಿರಲಿಲ್ಲ. ಪದ್ಯ ಹಾಡುವಾಗಲೂ ಇಲ್ಲ. ಎತ್ತಿನ ಕೂಡ ತೆಲುಗಿನಲ್ಲಿ ಮಾತಾಡುವಾಗ ಅವನು ಹೆಚ್ಚುಕಮ್ಮಿ ವಾಚಾಳಿ. ಅಂದಮೇಲೆ ತೊಡಕು ನಾಲಗೆಯದಲ್ಲ, ಕೇಳುವವರದು. ಅವನಿಗೆ ಬೇಕಾಗಿದ್ದದ್ದು ಇನ್ನು ಸ್ವಲ್ಪ ಹೊತ್ತು, ಅಷ್ಟೇ. ಕ್ಲಾಸಿನಲ್ಲಿ ಇರದಿದ್ದದ್ದೂ ಅದೇ. ಭೂಗೋಳದ ಮೇಷ್ಟ್ರು "ಹೂಂ?" ಎನ್ನುವರು, ಅವನು ಬಾಯಿ ತೆರೆಯುವನು, "ಮುಂದೆ" ಎನ್ನುವರು. ಉತ್ತರ ಅವನ ಬಾಯಲ್ಲಿರುವಾಗಲೇ ಮುಂದಿನವನು ಅದನ್ನು ಹೇಳಿ, ಬಂದು ಅವನ ಮೂಗು ಹಿಡಿಯುತ್ತಿದ್ದ.

ಮೇಷ್ಟ್ರು ಕೆಟ್ಟವರಲ್ಲ. ಇದನ್ನು ಹೇಳದಿದ್ದರೆ ನನ್ನ ವಾದಕ್ಕೆ ಅನುಕೂಲ, ಆದರೂ ಹೇಳುತ್ತೇನೆ. ಶ್ರೀನಿವಾಸಪುರದ ಕಡೆಯವರು, ಚೇಳು ಕಡಿದವರಿಗೆ ಎಷ್ಟು ಹೊತ್ತಿನಲ್ಲಾದರೂ ಎದ್ದು ಔಷಧಿ ಕೊಡುತ್ತಿದ್ದವರು. ತಾವು ಕಲಿತದ್ದು ಹೀಗೆ, ಕಲಿಸಬೇಕಾದದ್ದೂ ಹೀಗೆ ಎಂದು ನಂಬಿದ್ದರು.

ಕ್ಲಾಸಿನ ಮಾನಿಟರು ಒಬ್ಬ ಕಂಟ್ರಾಕ್ಟರ ಮಗ. ಮೈಕಟ್ಟಿನ ಹುಡುಗ, ನಗಿಸುವವನು, ಅವನ ಹಿಂದೆ ಯಾವಾಗಲೂ ಒಂದು ಗುಂಪು. ಬಸ್ಸು ನಿಲ್ಲುವ ಕಡೆ ಕಾಫಿ ಹೋಟೆಲಿನಲ್ಲಿ ಒಂದು ಗ್ರಾಮಫೋನಿತ್ತು. ಅದರ ಹಳೆಯ ಪ್ಲೇಟಿನಲ್ಲಿ ಗೀರು ಬಿದ್ದ ಜಾಗದಲ್ಲಿ ಮುಳ್ಳು ಸಿಕ್ಕಿಕೊಂಡರೆ ಒಂದೇ ಅಕ್ಷರ ಹತ್ತು ಸಲ ಕೂಗುತ್ತಿತ್ತು. ಮಾನಿಟರು ಅದನ್ನು ಕೇಳಿಬಂದ ಮಾರನೆಯ ದಿನದಿಂದ ನಮ್ಮ ಹುಡುಗನ ಹೆಸರು ಪ್ಲೇಟು. ಅವನು ಬಾಯಿ ತೆರೆದರೆ ಹಿಂದಿನ ಸಾಲಿನಿಂದ, "ಲೇ, ಯಾರಾದ್ರೂ ಮುಳ್ಳು ಎತ್ತಿ ಮುಂದಕ್ಕೆ ಇಡ್ರೋ!"

ಇದೆಲ್ಲ ತಮಾಷೆಯ ಲೆಕ್ಕದಲ್ಲೇ ನಡೆದಿತ್ತು. ಕೆಟ್ಟದ್ದು ಶುರುವಾದದ್ದು ನಮ್ಮ ಹುಡುಗ ಗೆದ್ದ ದಿನ.

ಅಂದು ಮೇಷ್ಟ್ರಿಗೆ ಗಂಟಲು ಕಟ್ಟಿತ್ತು. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಉತ್ತರವನ್ನು ಸ್ಲೇಟಿನಲ್ಲಿ ಬರೆದು ತೋರಿಸಿ ಎಂದರು. ಪಾಲಾರ್ ಹೊಳೆ ಎಲ್ಲಿ ಹುಟ್ಟಿ, ಯಾವ ಕಡೆ ಹರಿದು, ಎಲ್ಲಿ ಸೇರುತ್ತದೆ? ಸ್ಲೇಟುಗಳನ್ನು ನೋಡುತ್ತ ನೋಡುತ್ತ ಒಬ್ಬೊಬ್ಬರನ್ನೇ ನಿಲ್ಲಿಸಿದರು. ಮಾನಿಟರು ನಿಂತ. ನಾನೂ ನಿಂತೆ. ಕೊನೆಗೆ ಕೂತಿದ್ದವನು ಅವನೊಬ್ಬನೇ.

"ಏಳಪ್ಪಾ" ಎಂದರು ಮೇಷ್ಟ್ರು ಕಟ್ಟಿದ ಗಂಟಲಲ್ಲಿ. "ಇವತ್ತು ನಿನ್ನ ದಿನ. ಎಲ್ರಿಗೂ ಕೊಡು."

ಅವನು ಎದ್ದು ಬಂದ. ಒಬ್ಬೊಬ್ಬರ ಮೂಗನ್ನೂ ಎರಡು ಬೆರಳಲ್ಲಿ ಮುಟ್ಟಿ, ಕೆನ್ನೆಗೆ ಅಂಗೈ ತಾಗಿಸಿ ಮುಂದೆ ಹೋದ. ನನ್ನ ಕೆನ್ನೆಗೂ ತಾಗಿಸಿದ. ಮೇಷ್ಟ್ರು ನೋಡಿದರು.

"ಏನಯ್ಯಾ ಅದು, ಮದುವೆಗಂಡಿಗೆ ಅರಿಶಿನ ಹಚ್ತಿದ್ದೀಯಾ?"

ಕ್ಲಾಸು ಗೊಳ್ಳೆಂದಿತು. ಮೆತ್ತಗೆ ಹೊಡೆದವನಿಗೆ ಗಟ್ಟಿಯಾಗಿ ಹೊಡೆಯುವುದು ಹೇಗೆಂದು ತೋರಿಸಿಕೊಡುವುದೂ ಪದ್ಧತಿಯ ಒಂದು ಭಾಗ. ಮೇಷ್ಟ್ರು ಇಳಿದು ಬಂದು, ಅವನ ಮೂಗು ಹಿಡಿದು, ಒಂದು ಬಾರಿಸಿ, "ಹಿಂಗೆ" ಎಂದರು. "ಈಗ ಹೊಡಿ ನೋಡೋಣ." ಅವನ ಎದುರಿಗೆ ಆಗ ನಿಂತಿದ್ದವನು ಮಾನಿಟರು. ಮಾನಿಟರು ಮೂಗನ್ನು ತಾನೇ ಮುಂದೆ ಚಾಚಿ, ನಗುತ್ತ, ಕೆನ್ನೆ ಒಡ್ಡಿದ. ಹುಡುಗ ಕೈ ಎತ್ತಿದ. ಎತ್ತಿದ ಕೈ ಹಾಗೆಯೇ ಕೆಳಗಿಳಿಯಿತು.

"ನ...ನ...ನಂಗಾಗಲ್ಲ ಸಾ."

"ಹೋಗು, ಕೂತ್ಕೋ. ನಿನ್ನಂಥೋನು ಮೇಷ್ಟ್ರಾದಂಗೇ!" ಎಂದರು ಅವರು. ಅವನಿಗೆ ಆ ಆಸೆಯಿರುವುದು ಅವರಿಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಅಂದರು.

ಅಂದು ಸಂಜೆ ಶಾಲೆಯ ಬಾವಿಯ ಹತ್ತಿರ ಮಾನಿಟರು ತನ್ನವರಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ಎಲ್ರ ಎದುರ್ಗೆ ನಂಗೆ ಭಿಕ್ಷೆ ಹಾಕ್ದ ಕಣ್ಲಾ ಆ ಪ್ಲೇಟು. ಹೊಡ್ದಿದ್ರೆ ಅಲ್ಲಿಗೆ ಮುಗ್ದೋಗ್ತಿತ್ತು."

ಈ ಮಾತನ್ನು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಇವತ್ತು ಹೊಡೆದವನು ನಾಳೆ ತಿನ್ನುತ್ತಾನೆ, ಇವತ್ತು ತಿಂದವನು ನಾಳೆ ಹೊಡೆಯುತ್ತಾನೆ. ಹಾಗಾಗಿ ಆ ಕ್ಲಾಸಿನಲ್ಲಿ ಎಲ್ಲರೂ ಒಂದೇ ಪಂಕ್ತಿಯವರು. ತಿಂದು ತಿಂದು, ತನ್ನ ಸರದಿ ಬಂದಾಗ ಒಲ್ಲೆ ಎಂದವನು ಪಂಕ್ತಿಯಿಂದ ಎದ್ದುಹೋದ ಹಾಗೆ. ಹುಡುಗರು ಅದನ್ನು ಒಳ್ಳೆಯತನ ಎಂದು ತಿಳಿಯಲಿಲ್ಲ. ಅಹಂಕಾರ ಎಂದು ತಿಳಿದರು.

ಶಾಲೆಯ ಹಿಂದೆ ಹೊಂಗೆಮರವಿತ್ತು. ಮಾರನೆಯ ದಿನದಿಂದ ಅಲ್ಲಿ ಹೊಸ ಆಟ. ಇಬ್ಬರು ಅವನ ಕೈ ಹಿಡಿದುಕೊಳ್ಳುವುದು, ಒಬ್ಬ "ಕೀ ಕೊಡ್ರೋ ಪ್ಲೇಟಿಗೆ!" ಎನ್ನುವುದು, ಇನ್ನೊಬ್ಬ ಅವನ ಕಿವಿಯನ್ನು ಗ್ರಾಮಫೋನಿನ ಹಿಡಿಯಂತೆ ತಿರುವುವುದು, ಅವನು ಹಾಡುವ ತನಕ. ಹಾಡು ಶುರುವಾದರೆ ಬಿಡುತ್ತಿದ್ದರು. ಕಿವಿಯ ಬುಡ ಕಿತ್ತು ರಕ್ತ ಹೆಪ್ಪುಗಟ್ಟಿದ್ದನ್ನು ಅಮ್ಮ ಎಣ್ಣೆ ಹಚ್ಚುವಾಗ ಕಂಡಳು.

"ಏನೋ ಇದು ಕಂದಾ?"

"ಸೊ-ಸೊಳ್ಳೆ ಅತ್ತೆ. ಕೆ-ಕೆರ್ಕೊಂಡೆ."

ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಅವನು ಕೇಳಿಕೊಂಡದ್ದು ಒಂದೇ. ಮನೆಯಲ್ಲಿ ಹೇಳಕೂಡದು. ಹೇಳಿದರೆ ಅಮ್ಮ ಮಾವನಿಗೆ ಹೇಳುತ್ತಾಳೆ, ಮಾವ ಅವನನ್ನು ಶಾಲೆ ಬಿಡಿಸುತ್ತಾರೆ. "ಪ-ಪರೀಕ್ಷೆ ಒಂದು ಆಗ್ಲಿ ಬಾವಾ. ಪೇಪರ್ ಮೇಲೆ ನಾನು ಉ-ಉಗ್ಗಲ್ಲ."

ಅದು ಸರಿಯಾದ ವಾದ. ನಾನು ಮನೆಯಲ್ಲಿ ಹೇಳಲಿಲ್ಲ, ಹೆಡ್‌ಮಾಸ್ಟರ ಬಳಿಗೆ ಹೋದೆ.

ಹೆಡ್‌ಮಾಸ್ಟರು ಮಾಲೂರಿನವರು. ನನಗೆ ಚರ್ಚೆ ಕಲಿಸಿದವರೇ ಅವರು. ಶನಿವಾರದ ಚರ್ಚಾಕೂಟದಲ್ಲಿ ಎದ್ದು ನಿಂತವನು ಮೊದಲು ಎದುರಾಳಿಯ ವಾದವನ್ನು ಹೇಳಬೇಕು, ಎದುರಾಳಿ "ಹೌದು, ನಾನು ಹೇಳೋದು ಇದೇ" ಎನ್ನುವಷ್ಟು ನ್ಯಾಯವಾಗಿ. ಆಮೇಲೆ ತನ್ನದು. ಆ ಅಭ್ಯಾಸಕ್ಕೆ ನಾನು ಇಂದಿಗೂ ಅವರಿಗೆ ಋಣಿ. ಇದಕ್ಕೆಲ್ಲ ಮೂಲ ಹುಡುಗರಿಂದ ಹುಡುಗರನ್ನು ಹೊಡೆಸುವ ಪದ್ಧತಿ ಎಂಬ ನನ್ನ ದೂರು ಕೇಳಿ ಅವರು, "ನನ್ನ ಹತ್ರ ಯಾಕೆ? ಕೂಟದಲ್ಲಿ ಮಂಡಿಸು" ಎಂದರು.

ಮಂಡಿಸಿದೆ. ನನ್ನ ಎದುರಾಳಿ ಓದಿನಲ್ಲಿ ಚುರುಕಾದ ಹುಡುಗ. ಹೆದರಿಕೆ ಹೋದರೆ ಪಾಠ ಹೋಗುತ್ತದೆ, ಏಟಿಗಿಂತ ನಾಚಿಕೆ ದೊಡ್ಡದು, ನಾಚಿಕೆಯೇ ಓದಿಸುವುದು ಎಂದು ಅವನ ವಾದ. ನಾನು ಅದನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಕೇಳಿದೆ. ಏಟು ತಿಂದವನು ಉತ್ತರ ಕಲಿಯುತ್ತಾನೆಯೇ? ಹಾಗಾದರೆ ಅದೇ ಹುಡುಗ ಅದೇ ಪ್ರಶ್ನೆಗೆ ಮತ್ತೆ ಏಕೆ ನಿಲ್ಲುತ್ತಾನೆ? ಹೊಡೆದವನು ಏನು ಕಲಿಯುತ್ತಾನೆ? ವಿದ್ಯೆ ಬಂದರೆ ಬಾರದವನ ಮೂಗು ಹಿಡಿಯಬಹುದು ಎಂದು. ಇದನ್ನು ಕಲಿಸಲು ಸರ್ಕಾರ ಶಾಲೆ ಕಟ್ಟಿದೆಯೇ? ಹುಡುಗರು ಬೆಂಚು ಬಡಿದರು. ಹೆಡ್‌ಮಾಸ್ಟರು ಎದ್ದುನಿಂತು, ಸೋಮವಾರದಿಂದ ಈ ಶಾಲೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ಹೊಡೆಯಕೂಡದು ಎಂದು ಅಲ್ಲೇ ಅಪ್ಪಣೆ ಮಾಡಿದರು.

ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಹುಡುಗ ಪಕ್ಕದಲ್ಲಿ ಮೆಲ್ಲಗೆ ನಡೆಯುತ್ತಿದ್ದ. "ಚೆ-ಚೆನ್ನಾಗಿ ಮಾತಾಡ್ದೆ ಬಾವಾ" ಎಂದ. ಸ್ವಲ್ಪ ದೂರ ಹೋದ ಮೇಲೆ, "ಹೊ-ಹೊಡೆಯಲ್ಲ ಅವ್ರು ಇನ್ನು" ಎಂದ.

ಹೊಡೆಯಲಿಲ್ಲ, ನಿಜ. ಅಪ್ಪಣೆಯನ್ನು ಎಲ್ಲರೂ ಅಕ್ಷರಶಃ ಪಾಲಿಸಿದರು. ಭೂಗೋಳದ ಮೇಷ್ಟ್ರಿಗೆ ಮನಸ್ಸಿಗೆ ನೋವಾಗಿತ್ತು. ಪ್ರಶ್ನೆ ನಮ್ಮ ಹುಡುಗನ ಹತ್ತಿರ ಬಂದಾಗ, "ನೀನು ಕೂತ್ಕೊಳಪ್ಪಾ, ನಿನ್ನ ಕೇಳಿ ನಾನ್ಯಾಕೆ ಪಾಪ ಕಟ್ಕೊಳ್ಳಲಿ" ಎಂದು ಅವನನ್ನು ದಾಟಿ ಹೋಗುತ್ತಿದ್ದರು. ಅಲ್ಲಿಗೆ ಅವನು ಕ್ಲಾಸಿನಲ್ಲಿ ಇದ್ದೂ ಇಲ್ಲದವನಾದ. ಇತ್ತ ಮಾನಿಟರ ಗುಂಪು ಕೆನ್ನೆಯ ತಂಟೆಗೆ ಹೋಗಲಿಲ್ಲ. ಕಿವಿಯ ವಿಷಯ ಅಪ್ಪಣೆಯಲ್ಲಿ ಇರಲಿಲ್ಲವಲ್ಲ. ಮುಚ್ಚಿಡಬೇಕಾದ್ದು ಏನೂ ಉಳಿಯದ್ದರಿಂದ ಹೊಂಗೆಮರದ ಮರೆಯೂ ಬೇಡವಾಯಿತು. ಆಟ ಶಾಲೆಯ ಮುಂದಿನ ಅಂಗಳಕ್ಕೆ ಬಂತು. ಅವನು ಹಾಡುವುದು, ಅವರು ಸುತ್ತ ಕುಣಿಯುವುದು. ಜಗಲಿಯ ಮೇಲೆ ಕೂತ ಮೇಷ್ಟ್ರುಗಳು, "ಪರವಾಗಿಲ್ಲ, ಕಂಠ ಚೆನ್ನಾಗಿದೆ" ಎನ್ನುವರು.

ನಾನು ಮತ್ತೆ ಹೆಡ್‌ಮಾಸ್ಟರ ಬಳಿ ಹೋದೆ.

"ಹೊಡೆದ್ರೇನಪ್ಪಾ?"

"ಇಲ್ಲ ಸಾರ್. ಕಿವಿ ಹಿಂಡಿ ಹಾಡಿಸ್ತಾರೆ."

"ಅವನು ಅಳ್ತಾನಾ?"

"ಇಲ್ಲ ಸಾರ್. ಹಾಡ್ತಾನೆ."

"ಮತ್ತೇನು? ಹುಡುಗ್ರು ಅಂದ್ಮೇಲೆ ಅಷ್ಟಿಷ್ಟು ಆಟ ಇರೋದೇ."

"ಸಾರ್, ತಾವು ಒಂದು ಸಲ ಬಿಡುವಿನಲ್ಲಿ ಬಂದು ಅವನ ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು. ಏನೂ ಹೇಳ್ಬೇಕಾಗಿಲ್ಲ."

"ನೋಡೋಣ" ಎಂದರು. ಬರಲಿಲ್ಲ. ಅವರು ಕೆಟ್ಟವರೆಂದಲ್ಲ. ಅಪ್ಪಣೆ ಮಾಡಿದ ಮೇಲೆ ಕೆಲಸ ಮುಗಿಯಿತು ಎಂದು ತಿಳಿದವರು. ನಾವಿಬ್ಬರೂ ಪದ್ಧತಿಯ ಮೇಲೆ ಎಷ್ಟು ಮಾತಾಡಿದ್ದೆವು! ಅಂಗಳದಲ್ಲಿ ಒಬ್ಬ ದೊಡ್ಡವರು ನಿಂತಿರಬೇಕು ಎಂಬ ಸಣ್ಣ ವಿಷಯ ಯಾವ ಚರ್ಚಾಕೂಟದಲ್ಲೂ ಮಂಡನೆಯಾಗುವಂಥದ್ದಲ್ಲ. ನಾನು ಹೋಗಿ ನಿಂತರೆ ನನ್ನನ್ನೂ ಸೇರಿಸಿಕೊಂಡು ನಗುತ್ತಿದ್ದರು. ತಳ್ಳಾಡಿದೆ, ಅಂಗಿ ಹರಿದುಕೊಂಡೆ. ಅಪ್ಪಣೆ ಮುರಿದವನು ಎಂದು ಅಂದು ಬೆಂಚಿನ ಮೇಲೆ ನಿಂತವನು ನಾನು.

ಪರೀಕ್ಷೆ ಹತ್ತಿರ ಬಂತು. ಸಂತೆಯ ದಿನ ಮಾವ ತರಕಾರಿ ಮಾರಿ, ಮಗನಿಗೆಂದು ಎಳೆಸೌತೆಯನ್ನು ಟವಲಿನಲ್ಲಿ ಕಟ್ಟಿಕೊಂಡು ಶಾಲೆಯ ಹತ್ತಿರ ಬಂದರು. ಬಿಡುವಿನ ಹೊತ್ತು. ಗೇಟಿನ ಬಳಿ ನಾನು ಸಿಕ್ಕಿದೆ.

"ಅಳಿಯಾ, ಎಲ್ಲಿ ನಮ್ಮೋನು?"

ಕರೆದುಕೊಂಡು ಬರುತ್ತೇನೆ, ಇಲ್ಲೇ ಇರಿ ಮಾವ ಎಂದೆ. ಅಷ್ಟರಲ್ಲಿ ಹಾಡು ಕೇಳಿಸಿತು. ಮಾವನ ಮುಖ ಅರಳಿತು. "ನಮ್ಮೋನ್ದೇ ದನಿ ಅಲ್ವಾ?" ಎಂದು, ಮಗ ಶಾಲೆಯಲ್ಲಿ ಎಲ್ಲರ ಎದುರು ಹಾಡುತ್ತಿದ್ದಾನೆ ಎಂಬ ಸಂತೋಷದಲ್ಲಿ ನನಗಿಂತ ಮುಂದೆ ನಡೆದರು. ಹುಡುಗರ ಗುಂಪಿನ ಹಿಂದೆ ನಿಂತು ಹೆಗಲ ಮೇಲಿಂದ ಇಣುಕಿದರು.

ಮಗ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ಒಬ್ಬ ಕಿವಿ ಹಿಡಿದಿದ್ದ. ಪದ್ಯದ ನಡುವೆ ಉಸಿರು ತೆಗೆದುಕೊಳ್ಳಲು ನಿಂತರೆ, "ಕೀ ಮುಗೀತು, ಕೀ ಮುಗೀತು!" ಎಂದು ಕಿವಿ ತಿರುವುತ್ತಿದ್ದ. ಜಗಲಿಯ ಮೇಲೆ ಮೇಷ್ಟ್ರುಗಳು ಕಾಫಿ ಕುಡಿಯುತ್ತಿದ್ದರು.

ಮಾವ ಯಾರ ಮೇಲೂ ಕೂಗಾಡಲಿಲ್ಲ. ಗುಂಪನ್ನು ಎರಡು ಕೈಯಲ್ಲಿ ಸರಿಸಿಕೊಂಡು ಒಳಗೆ ಹೋದರು. ಕಿವಿ ಹಿಡಿದವನು ತಾನಾಗಿ ಬಿಟ್ಟ. ಹುಡುಗ ಕಣ್ಣು ತೆರೆದು ತಂದೆಯನ್ನು ನೋಡಿ, ಏನೂ ಆಗಿಲ್ಲ ಎಂಬಂತೆ ನಗಲು ನೋಡಿದ. "ನಡಿ ನಾಯ್ನಾ, ಪೋದಾಂ" ಎಂದರು ಮಾವ. ಹೋಗೋಣ ನಡಿ ಮಗನೇ, ಎಂದು.

ನಮ್ಮ ಮನೆಯಲ್ಲಿ ಅವನ ಟ್ರಂಕನ್ನು ಹೊರಗೆ ತಂದಿಟ್ಟಾಗ ಇನ್ನೂ ಬಿಸಿಲಿತ್ತು. ಅಮ್ಮ ಅಳುತ್ತಿದ್ದಳು. ನಾನು ವಾದಕ್ಕೆ ನಿಂತೆ. ಪರೀಕ್ಷೆ ಬರವಣಿಗೆಯದು, ಅವನಿಗೆ ಅಲ್ಲಿ ಯಾವ ತೊಂದರೆಯೂ ಇಲ್ಲ, ಪಾಸಾಗುವುದು ಖಂಡಿತ, ಪಾಸಾದರೆ ನಿಮ್ಮ ಊರಿನ ಶಾಲೆ, ಇಷ್ಟು ದಿನ ತಡೆದುಕೊಂಡದ್ದು ಆ ಒಂದಕ್ಕಾಗಿ. ಮಾವ ಪೂರ್ತಿ ಕೇಳಿದರು.

"ನೀ ಹೇಳೋದೆಲ್ಲ ಸರೀನೇ ಅಳಿಯಾ. ಒಂದೇ ಕೇಳ್ತೀನಿ. ನಾಳೆ ಅವ್ನು ಆ ಗೇಟೊಳಕ್ಕೆ ಹೋದ್ರೆ ಯಾರಿರ್ತಾರೆ?"

"ನಾನಿರ್ತೀನಿ ಮಾವ."

"ನೀನು ಮಗು. ನಾ ಕೇಳಿದ್ದು ದೊಡ್ಡೋರ್ನ. ಅಲ್ಲೇ ಕೂತಿದ್ರಲ್ಲ, ಕಾಫಿ ಕುಡ್ಕೊಂಡು."

ಆದರೂ ನಾನು ಬಿಡಲಿಲ್ಲ. "ಅವನನ್ನೇ ಕೇಳಿ ಮಾವ. ಓದೋನು ಅವನು. ಇರ್ತಾನೋ ಬರ್ತಾನೋ ಅವನೇ ಹೇಳ್ಲಿ" ಎಂದೆ.

ಎಲ್ಲರೂ ಅವನ ಕಡೆ ತಿರುಗಿದೆವು. ಅವನು ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಬಾಯಿ ತೆರೆದ. "ನಾ...ನಾ..." ಕತ್ತಿನ ನರ ಬಿಗಿಯಿತು. ಕಣ್ಣು ಮುಚ್ಚಿದ. ನಾನು ಕಾದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಾದಳು. "ನಾ...ನಾ..." ಹಿಂಡಿಸಿಕೊಂಡ ಕಿವಿ ಇನ್ನೂ ಕೆಂಪಗಿತ್ತು. ಮಾವನಿಗೆ ಅದನ್ನು ನೋಡಲಾಗಲಿಲ್ಲ. ಹೋಗಿ ಮಗನ ತಲೆಯನ್ನು ಎದೆಗೆ ಒತ್ತಿಕೊಂಡು, "ಸಾಕು ನಾಯ್ನಾ, ಸಾಕು. ನೀನೇನೂ ಹೇಳ್ಬೇಡ. ಬರ್ತಾನೆ ಅಮ್ಮಯ್ಯ, ನಮ್ಮೂರಿಗೆ ಬರ್ತಾನೆ" ಎಂದು ನಮ್ಮ ಅಮ್ಮನಿಗೆ ಹೇಳಿ ಟ್ರಂಕನ್ನು ಹೆಗಲಿಗೆತ್ತಿದರು.

ಅವನು ಪರೀಕ್ಷೆಗೆ ಕೂರಲಿಲ್ಲ. ಮಾವ ಆಮೇಲೆ ಅವನ ತಮ್ಮಂದಿರನ್ನೂ ಮಿಡ್ಲ್ ಸ್ಕೂಲಿಗೆ ಕಳಿಸಲಿಲ್ಲ. ಮಾನಿಟರು ಪಾಸಾದ, ನಾನು ಪಾಸಾದೆ. ಹೈಸ್ಕೂಲಿಗೆಂದು ಕೋಲಾರಕ್ಕೆ ಬಂದೆ. ಇಲ್ಲಿಯ ಚರ್ಚೆಗಳಲ್ಲಿ ನನಗೆ ಬಹುಮಾನಗಳು ಬಂದಿವೆ.

ಹೋದ ಕಾರ್ತಿಕದಲ್ಲಿ ಅವರ ಊರಿಗೆ ಹೋಗಿದ್ದೆ. ಅವನು ಹುರುಳಿಕಾಯಿ ಬಿಡಿಸುತ್ತಿದ್ದ, ನಾನೂ ಸಾಲು ಹಿಡಿದೆ. ಮಾವ ಹೊಲದ ಆ ತುದಿಯಲ್ಲಿದ್ದರು. ಊರಿನ ಶಾಲೆಯ ಮುಂದೆ ಬರುವಾಗ ಬಾಗಿಲು ಹಾಕಿತ್ತು, ಮಕ್ಕಳು ಜಗಲಿಯ ಮೇಲೆ ಕೂತಿದ್ದರು. ಅದನ್ನು ಹೇಳಿದೆ. ಅವನು ತಲೆಯಾಡಿಸಿದ. ಆಗ ಕೇಳಿದೆ, ಆವತ್ತು ನಮ್ಮ ಮನೆಯಲ್ಲಿ ನೀನು ಏನು ಹೇಳಲು ಹೊರಟಿದ್ದೆ ಎಂದು.

ಅವನು ಬಿಡಿಸುವುದನ್ನು ನಿಲ್ಲಿಸಿದ. ನಾನು ಬಾಯಿ ಮುಚ್ಚಿಕೊಂಡು ಕಾದೆ.

"ನಾ...ನಾನು ಇರ್ತೀನಿ ಅಂತ, ಬಾವಾ" ಎಂದ. ಆಮೇಲೆ ತಂದೆಯ ಕಡೆ ನೋಡಿ ದನಿ ಇಳಿಸಿದ. "ಅ-ಅಪ್ಪನಿಗೆ ಹೇಳ್ಬೇಡ. ನನ್ನ ಕಾ-ಕಾಪಾಡ್ದೆ ಅಂದ್ಕೊಂಡವ್ನೆ."

ಆ ತುದಿಯಿಂದ ಮಾವ ತೆಲುಗಿನಲ್ಲಿ ಆಯಿತೇನೋ ಎಂದು ಕೂಗಿದರು. ಅವನು ಕೈಯೆತ್ತಿ ತೋರಿಸಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಸಾಲಿನ ನಡುವೆ ಅವರ ಕಡೆಗೆ ನಡೆದ.